ಗೆಲ್ಲಗೊಡದ ಎದುರಾಳಿ

ಈ ಅಂಕಣದಲ್ಲಿ ನಾವು ಇದುವರೆಗೆ ಅಜೀರ್ಣ, ಆಮವಾತ, ಮಧುಮೇಹ, ಋತುಚರ್ಯೆ ಮೊದಲಾದ ವಿಷಯಗಳನ್ನು ಕುರಿತು ಬರೆದಿದ್ದೇವೆ. ಈ ತಿಂಗಳು ವಿಡಿಯೊ ಗೇಮ್ ಕುರಿತು, ಅದರಲ್ಲಿಯೂ ಕಂಪ್ಯೂಟರನ್ನು ಎದುರಾಳಿಯಾಗಿಟ್ಟುಕೊಂಡು ಆಡುವ ಕಾಲ್ಚೆಂಡಿನ ಆಟವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಹಿರಿಯ ಓದುಗರು ಹುಬ್ಬೇರಿಸಬಹುದು. ಹುಬ್ಬಿನ ಮಾತು ಬಂದದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇವೆ.

ಕಳೆದ ಬೇಸಿಗೆ ರಜೆಯ ಒಂದು ರಾತ್ರಿ ಹನ್ನೊಂದೂವರೆ ಗಂಟೆಯ ಸುಮಾರಿಗೆ ನಮ್ಮ ಮನೆಯ ಪಡಸಾಲೆಯಿಂದ ಒಂದು ಚೀರಾಟ ಕೇಳಿಬಂದಿತು. ಎದ್ದು ಹೋಗಿ ನೋಡಿದರೆ ಆರು ವರ್ಷದ ಮೊಮ್ಮಗಳು ಹುಬ್ಬನ್ನು ಹಿಡಿದುಕೊಂಡು ಕುಳಿತಿದ್ದಳು. ಬೆರಳುಗಳ ನಡುವಿನಿಂದ ರಕ್ತ ಇಳಿಯುತ್ತಿತ್ತು. ಒಂಬತ್ತನೆಯ ತರಗತಿಗೆ ಹೋಗಲಿದ್ದ ಅವಳ ಅಣ್ಣ ಆಟದಲ್ಲಿ ಸೋತ ಸಿಟ್ಟಿಗೆ ಕೈಯಲ್ಲಿದ್ದ ಕಂಟ್ರೋಲರನ್ನು ಗೋಡೆಗೆ ಎಸೆದಿದ್ದ. ಅದು ಪುಟಿದು ಬಂದು ಮಲಗಿದ್ದ ತಂಗಿಗೆ ತಾಗಿತ್ತು. ಎರಡು ಹೊಲಿಗೆ ಬಿದ್ದವು. ಬೆರಳಗಲ ಕೆಳಗೆ ತಾಗಿದ್ದರೆ ಕಣ್ಣು ಹೋಗುತ್ತಿತ್ತು ಎಂಬ ಮಾತನ್ನು ಆ ರಾತ್ರಿ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಎಲ್ಲರ ಮನಸ್ಸಿನಲ್ಲಿಯೂ ಅದೇ ಇತ್ತು.

ಆಸ್ಪತ್ರೆಯಿಂದ ಮರಳಿದ ಮೇಲೆ ಹುಡುಗ ನಮ್ಮೆದುರು ನಿಂತು ಅಳುತ್ತ ಹೇಳಿದ: "ಅಜ್ಜಾ, ನಾ ಬೇಕಂತ ಒಗದಿಲ್ಲ. ಅದು ಮೋಸ ಮಾಡತೈತಿ. ಪ್ರತಿ ಸಲಾನೂ ಕಡೀ ನಿಮಿಷಕ್ಕ ಗೋಲ್ ಹೊಡೀತೈತಿ."

ಯಂತ್ರವೆಲ್ಲಿಯಾದರೂ ಮೋಸ ಮಾಡುವುದುಂಟೇ, ನಿನ್ನ ತಪ್ಪನ್ನು ಅದರ ಮೇಲೆ ಹಾಕಬೇಡ ಎಂದು ನಾವು ಗದರಿದೆವು. ಆಟದ ಪೆಟ್ಟಿಗೆಯನ್ನು ತಂತಿಗಳ ಸಮೇತ ಕಿತ್ತು ನಮ್ಮ ಚಿಕಿತ್ಸಾಲಯದ ಅಲಮಾರಿನಲ್ಲಿ ಅರಿಷ್ಟದ ಬಾಟಲಿಗಳ ಹಿಂದೆ ಇಟ್ಟು ಬೀಗ ಹಾಕಿದೆವು. ನ್ಯಾಯ ಮುಗಿಯಿತು ಎಂದುಕೊಂಡೆವು. ಒಂಬತ್ತು ದಿನ ಹುಡುಗ ನಮ್ಮೊಡನೆ ಮಾತನಾಡಲಿಲ್ಲ. ಹತ್ತನೆಯ ದಿನ ಸೊಸೆ ಬಂದು, "ಮಾವಾರ, ಅವನ ಎಡಗೈ ಹೆಬ್ಬೆಟ್ಟು ಭಾಳ ನೋಯತೈತಂತ. ಅಜ್ಜಗ ಹೇಳಬ್ಯಾಡ ಅಂತಾನ" ಎಂದಳು.

ಈ ಮಾತು ನಮಗೆ ನಾಟಿತು. ನಲವತ್ತು ವರ್ಷಗಳಿಂದ ಸುತ್ತಲಿನ ಹಳ್ಳಿಗಳ ಜನ ತಮ್ಮ ನೋವನ್ನು ಹೊತ್ತು ನಮ್ಮ ಬಳಿಗೆ ಬರುತ್ತಾರೆ. ಮನೆಯ ಮಗು ತನ್ನ ಕೈಯನ್ನು ನಮ್ಮಿಂದ ಮುಚ್ಚಿಡುತ್ತಿತ್ತು. ರೋಗಿ ಹೇಳುವುದನ್ನು ಪೂರ್ತಿಯಾಗಿ ಕೇಳದೆ ನಿದಾನ ಮಾಡಬಾರದೆಂದು ಕಿರಿಯ ವೈದ್ಯರಿಗೆ ಹೇಳುತ್ತ ಬಂದ ನಾವು, ಅವನ ಮಾತನ್ನು ಅರ್ಧಕ್ಕೇ ತಡೆದಿದ್ದೆವು.

ಅಂದು ಸಂಜೆ ಅವನನ್ನು ಕೂರಿಸಿಕೊಂಡು ಕೈ ನೋಡಿದೆವು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ, ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಬಾಗಿಸಲು ಹೇಳಿದಾಗ ಅವನು ಹಲ್ಲು ಕಚ್ಚಿದ. ಹೆಬ್ಬೆರಳನ್ನು ಚಾಚುವ ಮತ್ತು ಎತ್ತುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಬದಿಯಲ್ಲಿ ಒಂದು ಇಕ್ಕಟ್ಟಾದ ಕೋಶದ ಮೂಲಕ ಹಾಯುತ್ತವೆ. ಆ ಕೋಶ ಬಾತು ದಪ್ಪವಾದರೆ ಬರುವ ನೋವು ಇದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ದ ಕೆರ್ವೇನ್ 1895ರಲ್ಲಿ ಇದನ್ನು ವಿವರಿಸಿದುದರಿಂದ ಆಧುನಿಕ ವೈದ್ಯಕೀಯದಲ್ಲಿ ಅವನ ಹೆಸರಿನಿಂದಲೇ ಕರೆಯುತ್ತಾರೆ. ಹಸುಗೂಸನ್ನು ಮೇಲಿಂದ ಮೇಲೆ ಎತ್ತಿಕೊಳ್ಳುವ ಬಾಣಂತಿಯರಲ್ಲಿ ನಾವು ಇದನ್ನು ಎಷ್ಟೋ ಸಲ ಕಂಡಿದ್ದೇವೆ. ಹದಿನಾಲ್ಕರ ಹುಡುಗನಲ್ಲಿ ಕಂಡದ್ದು ಅದೇ ಮೊದಲು.

ಎಡಗೈಗೇ ಏಕೆ? ಅವನು ಬಲಗೈಯಿಂದ ಬರೆಯುವವನು. ಈ ಪ್ರಶ್ನೆಗೆ ಉತ್ತರ ಆಟವನ್ನು ನೋಡದೆ ಸಿಗುವಂತಿರಲಿಲ್ಲ. ಅವನೂ ಅದನ್ನೇ ಹೇಳಿದ: "ನೀನ ಒಮ್ಮೆ ಆಡಿ ನೋಡು ಅಜ್ಜಾ, ಆಮ್ಯಾಲ ಬೈ." ಎರಡು ವಾರ ಕೈಗೆ ವಿಶ್ರಾಂತಿ ಕೊಟ್ಟರೆ ಆಡಿ ನೋಡುತ್ತೇವೆ ಎಂದು ಒಪ್ಪಂದವಾಯಿತು. ಎರಡು ವಾರದ ಬಳಿಕ ಪೆಟ್ಟಿಗೆ ಅಲಮಾರಿನಿಂದ ಹೊರಬಂದಿತು.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಟಿವಿಯ ಪರದೆಯ ಮೇಲೆ ಕಾಲ್ಚೆಂಡಿನ ಮೈದಾನ ಕಾಣುತ್ತದೆ. ಒಂದು ಕಡೆ ಹನ್ನೊಂದು ಜನ ನಮ್ಮವರು, ಇನ್ನೊಂದು ಕಡೆ ಹನ್ನೊಂದು ಜನ ಕಂಪ್ಯೂಟರಿನವರು. ಎಡ ಹೆಬ್ಬೆರಳಿನ ಕೆಳಗಿರುವ ಚಿಕ್ಕ ಗುಬುಟನ್ನು ತಳ್ಳಿದ ದಿಕ್ಕಿಗೆ ನಮ್ಮ ಆಟಗಾರ ಹೋಗುತ್ತಾನೆ. ಬಲಗೈಯ ಗುಂಡಿಗಳಿಂದ ಚೆಂಡನ್ನು ಒದೆಯುವುದು, ಕಸಿಯುವುದು, ಜೋರಾಗಿ ಓಡುವುದು. ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 1993ರ ಕೊನೆಯಲ್ಲಿ ಫಿಫಾ ಹೆಸರಿನ ಆಟವನ್ನು ಹೊರತಂದಿತು. 2023ರಿಂದ ಆ ಸರಣಿ ಇಎ ಸ್ಪೋರ್ಟ್ಸ್ ಎಫ್‌ಸಿ ಎಂಬ ಹೆಸರಿನಲ್ಲಿ ಬರುತ್ತಿದೆ. ಜಪಾನಿನ ಕೊನಾಮಿ ಕಂಪನಿಯ ಆಟ 2021ರಿಂದ ಇ-ಫುಟ್‌ಬಾಲ್ ಎನಿಸಿಕೊಂಡಿದೆ. ಇನ್ನೂ ಹಲವು ಇವೆ. ನಮ್ಮ ಮನೆಯಲ್ಲಿರುವುದು ಯಾವುದೆಂಬುದು ಇಲ್ಲಿ ಅಪ್ರಸ್ತುತ.

ಮೊದಲ ದಿನ ನಾವು ಎಂಟು ಗೋಲುಗಳಿಂದ ಸೋತೆವು, ಅದೂ ಅತ್ಯಂತ ಸುಲಭದ ಮೆಟ್ಟಿಲಿನಲ್ಲಿ. ನಮ್ಮ ಗೋಲ್‌ಕೀಪರನ ಕಡೆಗೇ ಎರಡು ಸಲ ಓಡಿದೆವೆಂಬುದನ್ನು ಮೊಮ್ಮಗ ಇಂದಿಗೂ ಬಂದವರಿಗೆಲ್ಲ ಹೇಳುತ್ತಾನೆ. ಆ ಬಳಿಕ ನಾವು ಆಡುವುದನ್ನು ಬಿಟ್ಟು ಅವನು ಆಡುವುದನ್ನು ನೋಡತೊಡಗಿದೆವು. ಪರದೆಗಿಂತ ಹೆಚ್ಚಾಗಿ ಅವನ ಕೈ, ಭುಜ, ಉಸಿರನ್ನು ನೋಡಿದೆವು.

ಚೆಂಡು ಎದುರಾಳಿಯ ಬಳಿಗೆ ಹೋದ ಕೂಡಲೇ ಅವನ ಭುಜಗಳು ಕಿವಿಯವರೆಗೆ ಏರುತ್ತಿದ್ದವು. ಉಸಿರು ನಿಲ್ಲುತ್ತಿತ್ತು. ಬಲಗೈಯ ತೋರುಬೆರಳು ಓಟದ ಗುಂಡಿಯನ್ನು ಒತ್ತಿ ಹಿಡಿದದ್ದು ಬಿಡುತ್ತಲೇ ಇರಲಿಲ್ಲ. ಎಡ ಹೆಬ್ಬೆರಳು ಗುಬುಟನ್ನು ಅಂಚಿಗೆ ಒತ್ತಿ, ಅದು ಇನ್ನು ಸರಿಯದು ಎಂಬಲ್ಲಿಗೆ ಬಂದ ಮೇಲೆಯೂ ಇನ್ನಷ್ಟು ಬಲ ಹಾಕುತ್ತಿತ್ತು. ಗುಬುಟು ಅಂಚಿಗೆ ತಾಗಿದ ಮೇಲೆ ಎಷ್ಟೇ ಒತ್ತಿದರೂ ಪರದೆಯ ಆಟಗಾರ ಒಂದು ಹೆಜ್ಜೆಯನ್ನೂ ಹೆಚ್ಚಿಗೆ ಓಡುವುದಿಲ್ಲ. ಆ ಹೆಚ್ಚಿನ ಬಲವೆಲ್ಲ ಹುಡುಗನ ಮಣಿಕಟ್ಟಿಗೆ ಹೋಗುತ್ತಿತ್ತು. ಎಡಗೈಗೇ ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು.

ಇನ್ನು ಮೋಸದ ಮಾತು. ಇದನ್ನು ನಾವು ತಳ್ಳಿಹಾಕದೆ ವಿಚಾರಿಸಲೇಬೇಕಿತ್ತು. ಒಮ್ಮೆ ತಳ್ಳಿಹಾಕಿದ್ದರ ಫಲವನ್ನು ಕಂಡಾಗಿತ್ತಲ್ಲ.

ಹುಡುಗನ ದೂರಿನಲ್ಲಿ ಅರ್ಧ ನಿಜವಿದೆ. ಈ ಪೈಪೋಟಿ ಸರಿಸಮಾನರದಲ್ಲ. ನಾವು ಒಂದು ಹೊತ್ತಿಗೆ ಒಬ್ಬ ಆಟಗಾರನನ್ನು ನಡೆಸುತ್ತೇವೆ, ಕಂಪ್ಯೂಟರು ತನ್ನ ಹನ್ನೊಂದು ಜನರನ್ನೂ ಒಟ್ಟಿಗೆ ನಡೆಸುತ್ತದೆ. ನಾವು ಕಣ್ಣಿನಿಂದ ಕಂಡು, ಮನಸ್ಸಿನಲ್ಲಿ ತಿಳಿದು, ಬೆರಳಿಗೆ ಅಪ್ಪಣೆ ಕೊಡುವಷ್ಟರಲ್ಲಿ ಸೆಕೆಂಡಿನ ಕಾಲು ಭಾಗದಷ್ಟು ಕಾಲ ಕಳೆಯುತ್ತದೆ. ಕಂಪ್ಯೂಟರಿಗೆ ಕಣ್ಣೂ ಬೇಡ, ಬೆರಳೂ ಬೇಡ. ಯಾವ ಆಟಗಾರ ಎಲ್ಲಿದ್ದಾನೆ, ಚೆಂಡು ಯಾವ ವೇಗದಲ್ಲಿದೆ ಎಂಬ ಲೆಕ್ಕವೆಲ್ಲ ಅದರೊಳಗೇ ಇದೆ. ಅದು ತನ್ನ ಪೂರ್ಣ ಬಲದಿಂದ ಆಡಿದರೆ ಮನುಷ್ಯನಿಗೆ ಚೆಂಡು ಮುಟ್ಟಲೂ ಆಗದು. ಆದ್ದರಿಂದ ಆಟವನ್ನು ರಚಿಸುವವರು ಅದರ ಕೈಯನ್ನು ಬೇಕೆಂದೇ ಕಟ್ಟಿರುತ್ತಾರೆ: ತಡವಾಗಿ ಪ್ರತಿಕ್ರಿಯಿಸು, ಇಷ್ಟು ಒದೆತಗಳಲ್ಲಿ ಇಷ್ಟು ತಪ್ಪು ಮಾಡು ಎಂದು. ಕಷ್ಟದ ಮೆಟ್ಟಿಲು ಏರಿದಂತೆ ಆ ಕಟ್ಟು ಸಡಿಲವಾಗುತ್ತದೆ. ಮೇಲಿನ ಮೆಟ್ಟಿಲಿನಲ್ಲಿ ಯಾವುದೋ ಕೆಳದರ್ಜೆಯ ತಂಡದ ಹೆಸರಿಲ್ಲದ ಆಟಗಾರನೂ ವಿಶ್ವಕಪ್ ಗೆದ್ದವನಂತೆ ಚೆಂಡು ದಾಟಿಸುವುದು ಇದರಿಂದಲೇ. ಅವನು ಒಮ್ಮೆಲೇ ಜಾಣನಾದದ್ದಲ್ಲ, ಅವನಿಗೆ ಹೇಳಿಕೊಟ್ಟಿದ್ದ ತಪ್ಪುಗಳನ್ನು ಹಿಂದಕ್ಕೆ ಪಡೆದಿದ್ದಾರೆ, ಅಷ್ಟೇ.

ಆದರೆ ಮಕ್ಕಳ ದೂರು ಇದಕ್ಕಿಂತ ಮುಂದಿನದು. ನಾವು ಗೆಲ್ಲುತ್ತಿದ್ದಂತೆ ಕಂಪ್ಯೂಟರು ಗುಟ್ಟಾಗಿ ತನ್ನ ಬಲವನ್ನು ಏರಿಸಿಕೊಳ್ಳುತ್ತದೆ ಎಂದು ಅವರು ನಂಬುತ್ತಾರೆ. ಇಂಥ ವಿದ್ಯೆ ಕಟ್ಟುಕಥೆಯೇನಲ್ಲ. ಕಾರು ಓಡಿಸುವ ಎಷ್ಟೋ ಆಟಗಳಲ್ಲಿ ಮುಂದೆ ಹೋದವನನ್ನು ಹಿಂದಿನವರು ಸುಲಭವಾಗಿ ಹಿಡಿಯುವಂತೆ ಮಾಡಿರುತ್ತಾರೆ. ಅದನ್ನು ರಬ್ಬರ್ ಬ್ಯಾಂಡ್ ಎಂದೇ ಕರೆಯುತ್ತಾರೆ. ಆಡುವವನ ಶಕ್ತಿಗೆ ತಕ್ಕಂತೆ ಕಷ್ಟವನ್ನು ಏರಿಳಿಸುವ ಕ್ರಮ ಕುರಿತು ಎಲೆಕ್ಟ್ರಾನಿಕ್ ಆರ್ಟ್ಸ್‌ನ ಸಂಶೋಧಕರು 2017ರಲ್ಲಿ ಪ್ರಬಂಧವನ್ನೇ ಪ್ರಕಟಿಸಿದರು. ಅವರು ಪ್ರಯೋಗ ಮಾಡಿದ್ದು ಮೊಬೈಲಿನಲ್ಲಿ ಆಡುವ ಬಣ್ಣದ ಬಿಲ್ಲೆ ಜೋಡಿಸುವಂಥ ಆಟದಲ್ಲಿ. ಇದೇ ವಿದ್ಯೆಯನ್ನು ಕಾಲ್ಚೆಂಡಿನ ಆಟದಲ್ಲಿಯೂ ಬಳಸುತ್ತಿದ್ದಾರೆಂದು ಆರೋಪಿಸಿ 2020ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೂವರು ಆಟಗಾರರು ಕಂಪನಿಯ ಮೇಲೆ ದಾವೆ ಹೂಡಿದರು. ಕಂಪನಿ ಅದನ್ನು ಅಲ್ಲಗಳೆಯಿತು, ತಾಂತ್ರಿಕ ವಿವರಗಳನ್ನು ಎದುರು ಪಕ್ಷಕ್ಕೆ ತೋರಿಸಿತು. 2021ರಲ್ಲಿ ದಾವೆ ಹೂಡಿದವರೇ ಅದನ್ನು ಕೈಬಿಟ್ಟರು.

ದೂರದ ನ್ಯಾಯಾಲಯದ ಮಾತು ಹಾಗಿರಲಿ, ನಮ್ಮ ಪಡಸಾಲೆಯ ಸಾಕ್ಷ್ಯ ಏನು ಹೇಳುತ್ತದೆಂದು ನೋಡಬೇಕೆನಿಸಿತು. ಹಳೆಯ ರೋಗಿಗಳ ರಿಜಿಸ್ಟರೊಂದರ ಖಾಲಿ ಹಾಳೆಗಳಲ್ಲಿ ಇಪ್ಪತ್ತು ಪಂದ್ಯಗಳ ಲೆಕ್ಕ ಬರೆಯುವಂತೆ ಮೊಮ್ಮಗನಿಗೆ ಹೇಳಿದೆವು: ಯಾರ ಗೋಲು, ಎಷ್ಟನೆಯ ನಿಮಿಷ. ಇಪ್ಪತ್ತು ಪಂದ್ಯ ಮುಗಿದಾಗ ಕೊನೆಯ ಹತ್ತು ನಿಮಿಷಗಳಲ್ಲಿ ಕಂಪ್ಯೂಟರು ಹೊಡೆದಿದ್ದ ಗೋಲು ಐದು. ಮೊಮ್ಮಗ ಹೊಡೆದಿದ್ದದ್ದು ನಾಲ್ಕು. ಆ ಐದನ್ನೂ ಅವನು ರಿಜಿಸ್ಟರು ನೋಡದೆ ಹೇಳಬಲ್ಲವನಾಗಿದ್ದ. ತಾನು ಹೊಡೆದ ನಾಲ್ಕರಲ್ಲಿ ಮೂರು ಅವನಿಗೆ ನೆನಪೇ ಇರಲಿಲ್ಲ!

ಇದು ಹುಡುಗರ ದೋಷ ಮಾತ್ರವಲ್ಲ. ಸಿವಿಲೈಜೇಷನ್ ಎಂಬ ಪ್ರಸಿದ್ಧ ಆಟವನ್ನು ರಚಿಸಿದ ಸಿಡ್ ಮೈಯರ್ 2010ರಲ್ಲಿ ಆಟ ರಚಿಸುವವರ ಸಮಾವೇಶವೊಂದರಲ್ಲಿ ತಮ್ಮ ಅನುಭವ ಹೇಳಿಕೊಂಡಿದ್ದರು. ಎದುರಾಳಿಗಿಂತ ಮೂರು ಪಟ್ಟು ಬಲವಿದ್ದವನು ನಾಲ್ಕರಲ್ಲಿ ಒಂದು ಸಲ ಸೋಲುವುದು ಗಣಿತದ ನ್ಯಾಯ. ಆದರೆ ಹಾಗೆ ಸೋತ ಆಟಗಾರರು ಆಟವೇ ಕೆಟ್ಟಿದೆಯೆಂದು ದೂರುತ್ತಿದ್ದರಂತೆ. ಅದೇ ಆಟಗಾರರು ದುರ್ಬಲರಾಗಿದ್ದು ಅದೃಷ್ಟದಿಂದ ಗೆದ್ದಾಗ ಯಾರೂ ದೂರಿದ್ದಿಲ್ಲ. ಕೊನೆಗೆ ಅವರು ಗಣಿತವನ್ನೇ ಆಡುವವರ ಮನಸ್ಸಿಗೆ ಒಪ್ಪುವಂತೆ ತಿದ್ದಬೇಕಾಯಿತು. ಧೀ, ಧೃತಿ, ಸ್ಮೃತಿ ಈ ಮೂರೂ ಜಾರಿದಾಗ ಮನುಷ್ಯ ಮಾಡುವ ಕರ್ಮವನ್ನು ಚರಕಾಚಾರ್ಯರು ಪ್ರಜ್ಞಾಪರಾಧವೆಂದು ಕರೆದರು. ವೃತ್ತಿಯಲ್ಲಿ ನಾವು ಆ ಶಬ್ದವನ್ನು ಮಧುಮೇಹಿ ಕದ್ದು ಜಿಲೇಬಿ ತಿನ್ನುವುದಕ್ಕೆ ಬಳಸುತ್ತಿದ್ದೆವು. ಸ್ಮೃತಿ ಜಾರುವುದೆಂದರೆ ಏನೆಂದು ಆ ರಿಜಿಸ್ಟರಿನ ಹಾಳೆಯಲ್ಲಿ ಕಣ್ಣಾರೆ ಕಂಡೆವು.

ಆದರೂ ಐದು ಗೋಲುಗಳು ಐದು ಗೋಲುಗಳೇ. ಅವು ಏಕೆ ಆದವು? ಪರದೆಯ ಕೆಳಗೆ ಪ್ರತಿ ಆಟಗಾರನ ಹೆಸರಿನೊಂದಿಗೆ ಒಂದು ಚಿಕ್ಕ ಪಟ್ಟಿ ಕಾಣುತ್ತದೆ. ಅದು ಅವನಲ್ಲಿ ಉಳಿದಿರುವ ಶಕ್ತಿ. ಓಟದ ಗುಂಡಿ ಒತ್ತಿದಷ್ಟೂ ಅದು ಕರಗುತ್ತದೆ. ಮೊದಲ ನಿಮಿಷದಿಂದಲೇ ಅಟ್ಟಿಸಿಕೊಂಡು ಓಡುತ್ತಿದ್ದ ನಮ್ಮ ಹುಡುಗನ ರಕ್ಷಣಾ ಆಟಗಾರರು ಎಂಬತ್ತನೆಯ ನಿಮಿಷಕ್ಕೆ ಕಾಲೆಳೆಯುತ್ತಿದ್ದರು. ಆಗ ಎದುರಾಳಿಯ ಹೊಸ ಆಟಗಾರನೊಬ್ಬ ಬದಲಿಯಾಗಿ ಇಳಿದು ಅವರನ್ನು ದಾಟಿ ಹೋಗುತ್ತಿದ್ದ. ನಿಜವಾದ ಕಾಲ್ಚೆಂಡಿನಲ್ಲಿಯೂ ಪಂದ್ಯ ಕೊನೆಯಾಗುತ್ತ ಬಂದಂತೆ ಗೋಲುಗಳು ಹೆಚ್ಚುವುದಕ್ಕೆ ಈ ದಣಿವೂ ಒಂದು ಕಾರಣ. ಎಂಬತ್ತೊಂಬತ್ತನೆಯ ನಿಮಿಷದ 'ಮೋಸ'ದ ಬೀಜ ಒಂಬತ್ತನೆಯ ನಿಮಿಷದಲ್ಲಿ ಬಿದ್ದಿತ್ತು.

ಇದನ್ನು ತೋರಿಸಿದಾಗ ಹುಡುಗ ಬಹಳ ಹೊತ್ತು ಆ ಪಟ್ಟಿಯನ್ನೇ ನೋಡಿದ. ಅಲ್ಲಿಂದ ಮುಂದೆ ನಾವಿಬ್ಬರೂ ಸೇರಿ ಉಪಾಯ ಹುಡುಕತೊಡಗಿದೆವು. ಅವನಿಗೆ ಆಟ ಗೊತ್ತು. ನಮಗೆ ಕಬಡ್ಡಿ ಗೊತ್ತು. ಕಾಲೇಜಿನ ದಿನಗಳಲ್ಲಿ ನಾವು ಬಲಮೂಲೆಯಲ್ಲಿ ನಿಲ್ಲುತ್ತಿದ್ದೆವು. ಕಬಡ್ಡಿಯಲ್ಲಿ ದಾಳಿಗೆ ಬಂದವನ ಮೇಲೆ ಅವನು ಗೆರೆ ದಾಟಿದ ಕೂಡಲೇ ಎರಗುವವನು ಹೆಡ್ಡ. ಸರಪಳಿ ಬಿಡದೆ, ಅವನ ಹೆಜ್ಜೆಗೆ ಹೆಜ್ಜೆ ಹೊಂದಿಸಿ ಹಿಂದೆ ಸರಿಯುತ್ತ, ಅವನೇ ಕಾಲು ಚಾಚುವವರೆಗೆ ಕಾಯಬೇಕು. ಚಾಚಿದ ಕಾಲು ನೆಲಕ್ಕೆ ಮರಳುವ ಮುನ್ನ ಹಿಡಿಯಬೇಕು. ಕಂಪ್ಯೂಟರಿನ ಮೇಲೂ ಇದೇ ನಡೆಯಿತು.

ಕಂಪ್ಯೂಟರಿನ ಬಲವಿರುವುದು ನಾವು ಅಟ್ಟಿಸಿಕೊಂಡು ಹೋಗುವುದರಲ್ಲಿ. ನಮ್ಮ ಆಟಗಾರ ತನ್ನ ಜಾಗ ಬಿಟ್ಟು ಓಡಿದನೆಂದರೆ ಅವನ ಬೆನ್ನಹಿಂದೆ ತೆರೆದ ಜಾಗಕ್ಕೆ ಅದು ಚೆಂಡು ದಾಟಿಸುತ್ತದೆ. ಆ ಲೆಕ್ಕದಲ್ಲಿ ಅದು ತಪ್ಪುವುದು ಕಡಿಮೆ. ಯಾರೂ ಜಾಗ ಬಿಡದಿದ್ದರೆ? ಆಗ ಅದು ಚೆಂಡನ್ನು ಅಡ್ಡಡ್ಡ ದಾಟಿಸುತ್ತ ಕೂರುತ್ತದೆ. ಕಬಡ್ಡಿಯ ದಾಳಿಗಾರನಿಗೆ 30 ಸೆಕೆಂಡಿನ ಮಿತಿಯಿದೆ, ಇದಕ್ಕೆ ಆ ಮಿತಿಯಿಲ್ಲ. ನೋಡುವವರ ತಾಳ್ಮೆ ಮುರಿಯುವುದು ಇಲ್ಲಿಯೇ. ಆದರೆ ಕಾದರೆ ಒಂದಲ್ಲ ಒಂದು ಗಳಿಗೆಯಲ್ಲಿ ಅದು ನಡುವಿನ ಇಕ್ಕಟ್ಟಿನೊಳಗೆ ಚೆಂಡು ತೂರಿಸಲು ನೋಡುತ್ತದೆ, ಇಲ್ಲವೇ ನೇರವಾಗಿ ನಮ್ಮವನ ಮೇಲೆಯೇ ಬರುತ್ತದೆ. ಅದು ಹಿಡಿಯುವ ಗಳಿಗೆ.

ಮೊಮ್ಮಗ ಕಲಿತ ಕ್ರಮ ಹೀಗಿದೆ. ಗೋಲಿನ ಮುಂದಿನ ರಕ್ಷಣಾ ಆಟಗಾರರನ್ನು ಅವನು ಮುಟ್ಟುವುದೇ ಇಲ್ಲ. ಅವರು ತಮ್ಮ ಸಾಲಿನಲ್ಲಿ ತಾವೇ ನಿಲ್ಲುತ್ತಾರೆ. ಅವರ ಮುಂದಿನ ಸಾಲಿನ ಒಬ್ಬನನ್ನು ಮಾತ್ರ ತಾನು ನಡೆಸುತ್ತಾನೆ. ಓಟದ ಗುಂಡಿಯನ್ನು ಬಿಟ್ಟು, ಎದುರಾಳಿಗೆ ಮುಖಮಾಡಿ ಅಡ್ಡಹೆಜ್ಜೆಯಲ್ಲಿ ಸರಿಯುವ ಗುಂಡಿಯನ್ನು ಹಿಡಿಯುತ್ತಾನೆ. ಚೆಂಡಿನ ಕಡೆಗೆ ಹೋಗುವುದಿಲ್ಲ. ಚೆಂಡು ಹೋಗಬಹುದಾದ ದಾರಿಯಲ್ಲಿ ನಿಲ್ಲುತ್ತಾನೆ. ಇನ್ನೊಬ್ಬ ಸಂಗಡಿಗನನ್ನು ತಾನಾಗಿ ಅಟ್ಟಿಸುವ ಗುಂಡಿಯೊಂದಿದೆ. ಮೊದಲು ಅದನ್ನು ಸದಾ ಒತ್ತುತ್ತಿದ್ದ, ಈಗ ಅಪರೂಪಕ್ಕೆ. ಚೆಂಡು ತನ್ನದಾದ ಮೇಲೆಯೂ ಅವಸರವಿಲ್ಲ. ಓಡುತ್ತ ಚೆಂಡು ತಳ್ಳಿದರೆ ಅದು ಕಾಲಿನಿಂದ ದೂರ ಹೋಗುತ್ತದೆ, ಕಂಪ್ಯೂಟರು ಆ ಗೇಣು ಜಾಗವನ್ನು ಬಿಡುವುದಿಲ್ಲ. ಆದ್ದರಿಂದ ಹತ್ತಿರದವನಿಗೆ ದಾಟಿಸು, ಜಾಗ ಬದಲಿಸು, ಮೈದಾನದ ಈ ಬದಿಯಿಂದ ಆ ಬದಿಗೆ ಒಯ್ಯಿ. ಗೋಲಿನ ಬದಿಯ ಗೆರೆಯವರೆಗೆ ಹೋಗಿ ಅಲ್ಲಿಂದ ಹಿಂದಕ್ಕೆ, ಓಡಿ ಬರುತ್ತಿರುವ ಸಂಗಡಿಗನಿಗೆ ನೆಲದ ಮೇಲೆ ಚೆಂಡು ಕೊಟ್ಟರೆ ಕಂಪ್ಯೂಟರಿನ ರಕ್ಷಕರು ಹಲವು ಸಲ ಮೋಸಹೋಗುತ್ತಾರೆ. ಅವರೆಲ್ಲ ಗೋಲಿನ ಕಡೆಗೆ ಹಿಂದೆ ಸರಿಯುತ್ತಿರುತ್ತಾರೆ. ಅರವತ್ತನೆಯ ನಿಮಿಷದ ಸುಮಾರಿಗೆ ದಣಿದವರನ್ನು ಬದಲಿಸುವುದು. ಕಂಪ್ಯೂಟರು ಸೋಲುತ್ತಿದ್ದರೆ ಕೊನೆಯಲ್ಲಿ ತನ್ನವರನ್ನೆಲ್ಲ ಮುಂದಕ್ಕೆ ಕಳುಹಿಸುತ್ತದೆ. ಆಗ ಅದರ ಮನೆ ಬಾಗಿಲು ತೆರೆದಿರುತ್ತದೆ. ಹೆದರಿ ಚೆಂಡನ್ನು ಎಲ್ಲಿಗೋ ಒದೆಯದೆ ಒಂದು ಉದ್ದನೆಯ ಪಾಸು ಕೊಟ್ಟರೆ ಸಾಕು.

ಇಷ್ಟಾದರೂ ಮೇಲಿನ ಮೆಟ್ಟಿಲಿನಲ್ಲಿ ಅವನು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಒಂದು ಮೆಟ್ಟಿಲು ಕೆಳಗಿಳಿ ಎಂದರೆ ಅವಮಾನವಾದಂತೆ ಮುಖ ಮಾಡಿದ. ಒಂದೇ ಔಷಧವನ್ನು ಬಲಿಷ್ಠನಿಗೆ ಎರಡು ತೊಲೆ, ಕೃಶನಿಗೆ ಅರ್ಧ ತೊಲೆ ಕೊಡುವುದು ಕೃಶನಿಗೆ ಮಾಡಿದ ಅವಮಾನವಲ್ಲ, ರೋಗಿಯ ಬಲ ನೋಡದೆ ಮಾತ್ರೆ ನಿರ್ಧರಿಸುವವನು ವೈದ್ಯನೇ ಅಲ್ಲ ಎಂದು ಹೇಳಿದೆವು. ಅದಕ್ಕೂ ಸೂಕ್ಷ್ಮವಾದ ದಾರಿಯೊಂದು ಕೆಲವು ಆಟಗಳಲ್ಲಿದೆ ಎಂಬುದು ಬಳಿಕ ತಿಳಿಯಿತು. ಓಟದ ವೇಗ, ಪಾಸಿನ ತಪ್ಪು, ಹೊಡೆತದ ತಪ್ಪು, ಗೋಲ್‌ಕೀಪರನ ಸಾಮರ್ಥ್ಯ ಹೀಗೆ ಒಂದೊಂದನ್ನೂ ಸೊನ್ನೆಯಿಂದ 100ರವರೆಗೆ ಏರಿಳಿಸುವ ಪಟ್ಟಿಗಳು. ಆಡುವವನಿಗೆ ಬೇರೆ, ಕಂಪ್ಯೂಟರಿಗೆ ಬೇರೆ. ಮೊದಲಿಗೆ ಎಲ್ಲವೂ 50ರಲ್ಲಿರುತ್ತವೆ. ನಾವು ಕಂಪ್ಯೂಟರಿನ ಪಾಸಿನ ತಪ್ಪನ್ನು ಸ್ವಲ್ಪ ಏರಿಸಿದೆವು, ಅಷ್ಟೇ. ಹೆಸರಿಲ್ಲದ ಆಟಗಾರ ಹೆಸರಿಲ್ಲದವನಂತೆಯೇ ಆಡತೊಡಗಿದ. "ಇದು ನಾವು ಮಾಡೋ ಮೋಸ ಅಲ್ಲೇನು ಅಜ್ಜಾ?" ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಅದರ ತಕ್ಕಡಿಯನ್ನು ಕಟ್ಟಿದವರೇ ಕಲ್ಲುಗಳನ್ನು ನಮ್ಮ ಕೈಯಲ್ಲಿಯೂ ಕೊಟ್ಟಿದ್ದಾರೆ, ಮುಚ್ಚಿಟ್ಟು ಬಳಸಿದರೆ ಮೋಸ, ಎಲ್ಲರಿಗೂ ತೋರಿಸಿ ಬಳಸಿದರೆ ಏರ್ಪಾಡು ಎಂದೆವು. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಪಾಲಕರು ಒಂದು ಸಂಗತಿ ಗಮನಿಸಬೇಕು: ದುಡ್ಡು ಕೊಟ್ಟು ಆಟಗಾರರ ಪೊಟ್ಟಣ ಕೊಳ್ಳುವ ವಿಭಾಗಗಳಲ್ಲಿ ಈ ಪಟ್ಟಿಗಳನ್ನು ಮುಟ್ಟಲು ಬಿಡುವುದಿಲ್ಲ. ಆ ಪೊಟ್ಟಣದೊಳಗೆ ಯಾರಿದ್ದಾರೆಂದು ಕೊಂಡ ಮೇಲೆಯೇ ತಿಳಿಯುವುದು. ಮಕ್ಕಳ ಕೈಗೆ ನಿಮ್ಮ ಯುಪಿಐ ಗುಟ್ಟಿನ ಸಂಖ್ಯೆ ಸಿಗದಿರಲಿ.

ಕೈಯ ಸಂಗತಿಗೆ ಬರೋಣ. ಎರಡು ವಾರ ಹೆಬ್ಬೆರಳು ಅಲುಗದಂತೆ ಪಟ್ಟಿ ಕಟ್ಟಿದ್ದೆವು. ರಾತ್ರಿ ಉಗುರುಬೆಚ್ಚಗಿನ ಮಹಾನಾರಾಯಣ ತೈಲವನ್ನು ಹಗುರವಾಗಿ ಸವರಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಶಾಖ. ಜೋರಾಗಿ ತಿಕ್ಕುವುದು, ಲಟಿಕೆ ಮುರಿಯುವುದು ಸಲ್ಲದು. ಅದರಿಂದ ಬಾವು ಹೆಚ್ಚುತ್ತದೆ. ಬೆರಳು ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು, ಮಣಿಕಟ್ಟು ಕೆಂಪಗಾಗಿ ಊದಿಕೊಳ್ಳುವುದು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಮೂಳೆ ತಜ್ಞರಿಗೆ ತೋರಿಸಿರಿ. ನಮ್ಮ ಹುಡುಗನಿಗೆ ಅಷ್ಟಕ್ಕೆ ಹೋಗಲಿಲ್ಲ. ನೋವು ಮರುಕಳಿಸದಿರಲು ತೈಲಕ್ಕಿಂತ ಹೆಚ್ಚಾಗಿ ನೆರವಾದದ್ದು ಅವನು ಅಟ್ಟಿಸಿಕೊಂಡು ಓಡುವುದನ್ನು ಬಿಟ್ಟದ್ದು ಎಂಬುದು ನಮ್ಮ ಅಭಿಪ್ರಾಯ. ಅಡ್ಡಹೆಜ್ಜೆಗೆ ಗುಬುಟನ್ನು ಅಂಚಿಗೆ ಒತ್ತಬೇಕಿಲ್ಲ.

ರಾತ್ರಿ ಜಾಗರಣೆಯ ವಿಷಯದಲ್ಲಿ ಮಾತ್ರ ನಾವು ಸಡಿಲ ಬಿಡಲಿಲ್ಲ. ಜಾಗರಣೆಯಿಂದ ವಾತ ಕೆರಳುತ್ತದೆ, ರೂಕ್ಷತೆ ಹೆಚ್ಚುತ್ತದೆ. ಅದಕ್ಕೆ ಸಿಟ್ಟಿನ ಪಿತ್ತ ಸೇರಿದರೆ ಮರುದಿನ ಹುಡುಗನಿಗೆ ಹಸಿವೂ ಇಲ್ಲ, ಗಮನವೂ ಇಲ್ಲ. ಪರದೆಯನ್ನು ನೆಟ್ಟು ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. ನಮ್ಮ ಮನೆಯ ಕಟ್ಟಳೆ ಇಷ್ಟು: ಊಟದ ಮುಂಚೆ ಎರಡು ಪಂದ್ಯ. ಅರ್ಧ ಪಂದ್ಯಕ್ಕೆ ನಿಲ್ಲಿಸಿ ಎದ್ದು ನೀರು ಕುಡಿದು ಕಿಟಕಿಯಾಚೆ ದೂರದ ಬೇವಿನ ಮರ ನೋಡಿ ಬರುವುದು. ಸೋತ ಕೂಡಲೇ ಮತ್ತೊಂದು ಪಂದ್ಯ ಆರಂಭಿಸುವಂತಿಲ್ಲ, ಹತ್ತು ನಿಮಿಷವಾದರೂ ಅಂತರವಿರಬೇಕು. ಆ ಹತ್ತು ನಿಮಿಷದ ನಿಯಮವೇ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಸೇಡಿನ ಪಂದ್ಯಗಳು ರಾತ್ರಿ ಹನ್ನೊಂದೂವರೆಯವರೆಗೆ ಬೆಳೆಯುತ್ತಿದ್ದದ್ದು ಆ ಅಂತರವಿಲ್ಲದ್ದರಿಂದ.

ಎಲ್ಲ ಆಟವೂ ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಆಟದ ಗೀಳು ಅದರಲ್ಲಿ ಸೇರಿದೆ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಊಟ, ಓದು, ಗೆಳೆತನಗಳಿಗಿಂತ ಆಟವೇ ಮುಂದಾಗಿರಬೇಕು. ಹಾನಿಯಾಗುತ್ತಿದೆಯೆಂದು ಕಂಡರೂ ಬಿಡಲಾಗದಿರಬೇಕು. ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಂಡುಬಂದಾಗ ಮಾತ್ರ ಆ ಹೆಸರು. ಅಂಥ ಲಕ್ಷಣಗಳಿದ್ದರೆ ಮನೋವೈದ್ಯರ ಬಳಿಗೆ ಕರೆದೊಯ್ಯಲು ಸಂಕೋಚ ಬೇಡ. ಸಿಟ್ಟಿಗೆದ್ದು ಒಮ್ಮೆ ವಸ್ತು ಎಸೆದ ಹುಡುಗನಿಗೆ ಆ ಹೆಸರಿಡುವುದೂ ಬೇಡ. ಆ ರಾತ್ರಿಯ ಬಳಿಕ ಅವನು ತಂಗಿಯ ಹುಬ್ಬಿಗೆ ದಿನಕ್ಕೆರಡು ಸಲ ತಾನೇ ಮುಲಾಮು ಹಚ್ಚುತ್ತಿದ್ದನೆಂಬುದನ್ನು ನಾವು ತಡವಾಗಿ ತಿಳಿದೆವು. ಕಲೆ ಈಗ ಮಾಸುತ್ತಿದೆ.

ನಾವು ಇನ್ನೂ ಕೆಳಗಿನಿಂದ ಎರಡನೆಯ ಮೆಟ್ಟಿಲಿನಲ್ಲಿದ್ದೇವೆ. ಕಳೆದ ಭಾನುವಾರ ಒಂದಕ್ಕೆ ಒಂದು ಗೋಲಿನಿಂದ ಸಮನಾಗಿದ್ದ ಪಂದ್ಯವನ್ನು ಎಂಬತ್ತೆಂಟನೆಯ ನಿಮಿಷದಲ್ಲಿ ಸೋತೆವು. ಇದು ಮೋಸವಲ್ಲದೆ ಮತ್ತೇನು ಎಂಬ ಮಾತು ನಮ್ಮ ಬಾಯಿಂದ ಹೊರಬಿದ್ದೇ ಬಿಟ್ಟಿತು. ಮೊಮ್ಮಗ ಏನೂ ಹೇಳದೆ ರಿಜಿಸ್ಟರು ತೆರೆದು ಪಂದ್ಯದ ಸಂಖ್ಯೆ, ಗೋಲು, ನಿಮಿಷ ಬರೆದ. ಅದರ ಮುಂದೆ ಷರಾ ಎಂಬ ಮನೆಯಲ್ಲಿ ಇನ್ನೊಂದು ಸಾಲು ಸೇರಿಸಿ ನಮಗೆ ತೋರಿಸಿದ: "ಅಜ್ಜ ಬದಲಿ ಆಟಗಾರರನ್ನು ಇಳಿಸಲಿಲ್ಲ."